ಮೋಟಾರು ಕಾರಿನ ಡಿಕ್ಕಿಯೂ ವಿಮೆಯ ಪರಿಹಾರವೂ

ಯೋಗಕ್ಷೇಮವೆಂಬ ಮಾತನ್ನು ನಾವು ಕಾಗದ ಬರೆಯುವಾಗಲೆಲ್ಲ ಒಂದೇ ಪದವೆಂಬಂತೆ ಬಳಸುತ್ತೇವೆ. ಸಂಸ್ಕೃತದ ವ್ಯಾಖ್ಯಾನಕಾರರಾದರೋ ಅದನ್ನು ಎರಡಾಗಿ ಬಿಡಿಸಿ, ಇಲ್ಲದುದನ್ನು ಪಡೆಯುವುದು ಯೋಗವೆಂದೂ ಇದ್ದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ಅರ್ಥ ಹೇಳುವರು. ಮೋಟಾರು ಕಾರಿನ ವಿಮೆಯನ್ನು ಕುರಿತು ನಾಲ್ಕು ಮಾತು ಬರೆಯಲು ಹೊರಟಿರುವ ನಮಗೆ ಈ ಭೇದವು ಬಹಳ ಉಪಯೋಗಕ್ಕೆ ಬರುವಂತೆ ತೋರುತ್ತದೆ. ವಿಮೆಯು ಕ್ಷೇಮಕ್ಕೆ ಸೇರಿದುದೇ ಹೊರತು ಯೋಗಕ್ಕೆ ಸೇರಿದುದಲ್ಲ. ಡಿಕ್ಕಿಯಾಗುವ ಮುಂಚಿನ ಕ್ಷಣದಲ್ಲಿ ಕಾರು ಯಾವ ಸ್ಥಿತಿಯಲ್ಲಿದ್ದಿತೋ ಆ ಸ್ಥಿತಿಗೆ ಅದನ್ನು ಮರಳಿ ತರುವ ವೆಚ್ಚವನ್ನು, ಕರಾರುಗಳಿಗೊಳಪಟ್ಟು, ಕಂಪೆನಿಯು ಕೊಡುತ್ತದೆ. ಐದು ವರ್ಷ ಸವೆದ ಬಂಪರಿನ ಸ್ಥಾನದಲ್ಲಿ ಹೊಸ ಬಂಪರನ್ನು ಪೂರಾ ತನ್ನ ಹಣದಿಂದ ಕೊಡಿಸುವುದಿಲ್ಲ. ಇದನ್ನು ತಿಳಿಯದೆ ಹೋಗುವುದರಿಂದಲೇ ಗೃಹಸ್ಥರಿಗೂ ಕಂಪೆನಿಗಳಿಗೂ ಅರ್ಧ ಜಗಳಗಳು ಹುಟ್ಟುತ್ತವೆ. ಉಳಿದರ್ಧವು, ನಡೆದುದನ್ನು ನಡೆದಂತೆ ಬರೆದರೆ ಹಣ ಬಾರದು ಎಂಬ ಒಂದು ಭ್ರಾಂತಿಯಿಂದ ಹುಟ್ಟುವುದು. ಈ ಎರಡನೆಯದನ್ನು ಕುರಿತೇ ನಾವು ವಿಶೇಷವಾಗಿ ಹೇಳಬೇಕೆಂದಿದ್ದೇವೆ.

ಮೊದಲು ವಿಮಾಪತ್ರದ ಸ್ವರೂಪ. ಅದರಲ್ಲಿ ವಾಸ್ತವವಾಗಿ ಎರಡು ಬೇರೆ ಬೇರೆ ಒಪ್ಪಂದಗಳಿರುತ್ತವೆ. ನಮ್ಮ ಕಾರಿನಿಂದ ಇತರರಿಗಾದ ಹಾನಿಗೆ ಸಂಬಂಧಿಸಿದುದು ಒಂದು. ನಮ್ಮ ಕಾರಿಗೇ ಆದ ಹಾನಿಗೆ ಸಂಬಂಧಿಸಿದುದು ಇನ್ನೊಂದು. ಮೊದಲನೆಯದು ಕಡ್ಡಾಯ. ೧೯೩೯ರ ಮೋಟಾರು ವಾಹನ ಕಾಯಿದೆಯ ಈ ಭಾಗವು ಬ್ರಿಟಿಷ್ ಇಂಡಿಯಾದಲ್ಲಿ ೧೯೪೬ನೆಯ ಇಸವಿ ಜುಲೈ ೧ರಿಂದ ಜಾರಿಗೆ ಬಂದಿತು; ಈಗ ೧೯೮೮ರ ಕಾಯಿದೆಯ ೧೪೬ನೆಯ ಪ್ರಕರಣವು ಅದೇ ಕಟ್ಟಳೆಯನ್ನು ಮುಂದುವರಿಸಿದೆ. ಇದಕ್ಕೆ ‘ಥರ್ಡ್ ಪಾರ್ಟಿ’ ವಿಮೆಯೆಂದು ರೂಢಿ. ಮಾಲಿಕನೊಬ್ಬ, ಕಂಪೆನಿಯೊಂದು, ಇವರಿಬ್ಬರ ಕರಾರಿಗೆ ಹೊರಗೆ ನಿಂತ ದಾರಿಹೋಕನು ಮೂರನೆಯವನು. ಇಂಗ್ಲಿಷಿನವರು ಮೂರನೆಯವನೆಂದು ಎಣಿಸುವ ‘ಅವನು’ ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷನೆನಿಸಿಕೊಳ್ಳುತ್ತಾನೆ. ಕಾಯಿದೆಯ ದೃಷ್ಟಿಯಲ್ಲಿಯೂ ಅವನೇ ಪ್ರಥಮನೆಂಬುದು ನಮಗೆ ಸಂತೋಷದ ವಿಷಯ.

ಎರಡನೆಯ ಒಪ್ಪಂದವು ಐಚ್ಛಿಕ. ಇಲ್ಲಿಯೇ ಅನೇಕ ಕುಟುಂಬಗಳು ಮೋಸಹೋಗುತ್ತಿವೆ. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೧೮ನೆಯ ಇಸವಿ ಸೆಪ್ಟೆಂಬರ್ ೧ರಿಂದ ಹೊಸ ಕಾರನ್ನು ಕೊಳ್ಳುವಾಗಲೇ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಮಾಡಿಸಬೇಕಾಗಿದೆ. ಸ್ವಂತ ಹಾನಿಯ ಭಾಗವನ್ನಾದರೋ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಕೊಂಡಿರುತ್ತಾರೆ. ಕಾಗದದ ಮೇಲೆ ಮೂರು ವರ್ಷವೆಂದು ಅಚ್ಚಾಗಿರುವುದನ್ನು ನೋಡಿ ನಿಶ್ಚಿಂತರಾದವರು, ಎರಡನೆಯ ವರ್ಷದಲ್ಲಿ ಡಿಕ್ಕಿಯಾದ ಮೇಲೆ ಗ್ಯಾರೇಜಿನ ಮುಂದೆ ನಿಂತು ತಲೆಯ ಮೇಲೆ ಕೈ ಹೊತ್ತುಕೊಳ್ಳುವರು. ಹಳೆಯ ಕಾರನ್ನು ಕೊಂಡವರ ಪಾಡೂ ಹೀಗೆಯೇ. ಮಾರಿದವನ ಥರ್ಡ್ ಪಾರ್ಟಿ ವಿಮೆಯು ಕಾಯಿದೆಯ ಬಲದಿಂದ ಕೊಂಡವನಿಗೆ ತಾನಾಗಿ ಬರುತ್ತದೆ; ಸ್ವಂತ ಹಾನಿಯ ವಿಮೆಯು ಹಾಗೆ ಬರುವುದಿಲ್ಲ. ಹದಿನಾಲ್ಕು ದಿವಸಗಳೊಳಗಾಗಿ ಕಂಪೆನಿಗೆ ಬರೆದು ತಮ್ಮ ಹೆಸರಿಗೆ ಮಾಡಿಸಿಕೊಳ್ಳತಕ್ಕದ್ದು.

ಇನ್ನು ಡಿಕ್ಕಿಯಾಯಿತೆಂದೇ ಇಟ್ಟುಕೊಳ್ಳೋಣ. ಆಗ ಮಾಡಬೇಕಾದುದನ್ನು ಕಾಯಿದೆಯ ೧೩೪ನೆಯ ಪ್ರಕರಣವೇ ಕ್ರಮವಾಗಿ ಹೇಳಿದೆ: ಗಾಯಗೊಂಡವರನ್ನು ಹತ್ತಿರದ ವೈದ್ಯರಲ್ಲಿಗೆ ಅಥವಾ ಆಸ್ಪತ್ರೆಗೆ ಸೇರಿಸುವುದು, ಕೂಡಲೇ, ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆಗಳೊಳಗೆ, ಪೊಲೀಸು ಠಾಣೆಗೆ ತಿಳಿಸುವುದು, ವಿಮಾ ಕಂಪೆನಿಗೆ ಲಿಖಿತ ಸಮಾಚಾರ ಕೊಡುವುದು. ಅಷ್ಟರೊಳಗೆ ಕಾರುಗಳು ನಿಂತಿರುವ ಭಂಗಿ, ಎರಡು ವಾಹನಗಳ ನಂಬರು, ರಸ್ತೆಯ ಮೇಲಿನ ಚಕ್ರದ ಗುರುತು, ಒಡೆದ ಗಾಜು ಇವುಗಳ ಚಿತ್ರಗಳನ್ನು ಮೊಬೈಲು ಫೋನಿನಲ್ಲಿ ತೆಗೆದುಕೊಳ್ಳಬೇಕು. ನೋಡಿದವರ ಹೆಸರು ವಿಳಾಸಗಳನ್ನು ಬರೆದುಕೊಳ್ಳಬೇಕು. ಧರ್ಮಶಾಸ್ತ್ರಕಾರರು ವ್ಯವಹಾರದಲ್ಲಿ ಲಿಖಿತ, ಸಾಕ್ಷಿ, ಭುಕ್ತಿ ಎಂದು ಮೂರು ಪ್ರಮಾಣಗಳನ್ನು ಹೇಳಿದರು. ರಸ್ತೆಯ ಡಿಕ್ಕಿಗೆ ಮೊದಲೆರಡು ಸಾಕು. ಅವೆರಡೂ ಒಂದು ಗಂಟೆಯೊಳಗೆ ಸಂಗ್ರಹವಾಗದಿದ್ದರೆ ಬಳಿಕ ಸಿಕ್ಕುವುದು ದುರ್ಲಭ.

ಇಲ್ಲೊಂದು ಸೂಕ್ಷ್ಮವಿದೆ. ಕಂಪೆನಿಯ ಲಿಖಿತ ಸಮ್ಮತಿಯಿಲ್ಲದೆ ತಪ್ಪೊಪ್ಪಿಗೆಯನ್ನಾಗಲಿ ಹಣ ಕೊಡುವ ವಾಗ್ದಾನವನ್ನಾಗಲಿ ಮಾಡಕೂಡದೆಂದು ವಿಮಾಪತ್ರದ ಷರತ್ತುಗಳಲ್ಲಿ ಬರೆದಿದೆ. ಇದನ್ನು ಓದಿದ ಕೆಲವರು ಬಿದ್ದವನನ್ನು ಎತ್ತಿ ನೀರು ಕೊಡುವುದಕ್ಕೂ ಹಿಂಜರಿಯುವುದನ್ನು ಕೇಳಿದ್ದೇವೆ. ಇದು ಶುದ್ಧ ಅವಿವೇಕ. ಆಸ್ಪತ್ರೆಗೆ ಸೇರಿಸುವುದು ಕಾಯಿದೆಯು ವಿಧಿಸಿದ ಕರ್ತವ್ಯ, ಅದು ತಪ್ಪೊಪ್ಪಿಗೆಯಲ್ಲ. ನಡುರಸ್ತೆಯಲ್ಲಿ “ಐದು ಸಾವಿರ ತೆಗೆದುಕೊಂಡು ಸುಮ್ಮನಾಗು” ಎಂದು ಮುಗಿಸಿಬಿಡುವ ಒಪ್ಪಂದವೇ ಆ ಷರತ್ತು ಬೇಡವೆನ್ನುವುದು. ಜಜ್ಜಿಹೋದ ಕಾರನ್ನು “ಮನೆಯವರೆಗೆ ಹೇಗೋ ಹೋಗಿಬಿಡೋಣ” ಎಂದು ಓಡಿಸುವುದೂ ಅಪಾಯ. ಎಣ್ಣೆ ಸೋರಿ ಎಂಜಿನು ಹಿಡಿದುಕೊಂಡರೆ, ಡಿಕ್ಕಿಯ ನಂತರ ನಾವಾಗಿ ತಂದುಕೊಂಡ ಆ ಹೆಚ್ಚಿನ ಹಾನಿಯು ನಮ್ಮ ಪಾಲಿಗೇ ಬರುವುದು. ಎಳೆದುಕೊಂಡು ಹೋಗುವ ವೆಚ್ಚಕ್ಕೆಂದು ಸಾಮಾನ್ಯ ವಿಮಾಪತ್ರವು ಕಾರೊಂದಕ್ಕೆ ೧,೫೦೦ ರೂಪಾಯಿಗಳವರೆಗೆ ಕೊಡುತ್ತದೆ.

ಈಗ ನಮ್ಮ ಬೀದಿಯಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳಬೇಕು. ಮೈಸೂರಿನ ಕಚೇರಿಯೊಂದರಲ್ಲಿ ಕೆಲಸದಲ್ಲಿರುವ ಗೃಹಸ್ಥರೊಬ್ಬರು ತಮ್ಮ ಇಪ್ಪತ್ತು ವರ್ಷದ ಮಗಳಿಗೆ ಕಾರು ಕಲಿಸುತ್ತಿದ್ದರು. ಆಕೆಗೆ ಕಲಿಯುವವರ ಲೈಸೆನ್ಸು ಇದ್ದಿತು. ಒಂದು ಭಾನುವಾರ ಬೆಳಗ್ಗೆ ತಿರುಮಕೂಡಲು ನರಸೀಪುರದ ರಸ್ತೆಯಲ್ಲಿ, ತಂದೆಯು ಪಕ್ಕದಲ್ಲಿ ಕುಳಿತಿದ್ದಂತೆಯೇ, ಅಡ್ಡರಸ್ತೆಯಿಂದ ಬಂದ ತರಕಾರಿಯ ಲಗೇಜು ಆಟೋ ಒಂದಕ್ಕೆ ಕಾರು ಬಡಿಯಿತು. ಹುಡುಗಿ ಬ್ರೇಕು ಹಾಕಿದಳು, ಆದರೆ ತಡವಾಗಿದ್ದಿತು. ಆಟೋದ ಚಾಲಕನ ಮಂಡಿಯ ಚಿಪ್ಪು ಬಿರಿಯಿತು. ತಂದೆಯು ಅವನನ್ನು ದೊಡ್ಡಾಸ್ಪತ್ರೆಗೆ ಸೇರಿಸಿ, ಅವನ ಹೆಂಡತಿಯು ಬರುವವರೆಗೆ ಅಲ್ಲಿಯೇ ಇದ್ದರು. ಕಾರು ಗ್ಯಾರೇಜಿಗೆ ಹೋಯಿತು.

ಗ್ಯಾರೇಜಿನ ಮೇಸ್ತ್ರಿಯು ಕೆಲಸದಲ್ಲಿ ನಿಪುಣನೇ. ಸಲಹೆಯಲ್ಲಿಯೂ ತಾನು ನಿಪುಣನೆಂದು ನಂಬಿದವನು. “ಸಾರ್, ಮಗಳು ಓಡಿಸ್ತಿದ್ರು ಅಂತ ಬರೆದ್ರೆ ಒಂದು ಕಾಸೂ ಬರೋದಿಲ್ಲ. ಎಲ್‌ಎಲ್‌ಗೆ ಯಾರು ದುಡ್ಡು ಕೊಡ್ತಾರೆ? ನೀವೇ ಓಡಿಸ್ತಿದ್ರಿ ಅಂತ ರುಜು ಹಾಕಿಬಿಡಿ, ಎಲ್ಲಾರೂ ಹೀಗೇ ಮಾಡೋದು” ಎಂದನು. ಗೃಹಸ್ಥರು ಅಂದು ಸಂಜೆ ನಮ್ಮ ಮನೆಗೆ ಬಂದರು. ಠಾಣೆಗೆ ಇನ್ನೂ ಬರೆದುಕೊಟ್ಟಿರಲಿಲ್ಲ. ಗಡುವಿಗೆ ರಾತ್ರಿಯೊಂದು ಉಳಿದಿದ್ದಿತು. ಅವರನ್ನು ಅಲುಗಿಸಿದ್ದುದು ಕೇವಲ ಹಣವಲ್ಲವೆಂಬುದನ್ನು ನಾವು ಕಂಡುಕೊಂಡೆವು. “ಮೇಷ್ಟ್ರೇ, ನಾಳೆ ಮದುವೆಯಾಗಬೇಕಾದ ಹುಡುಗಿ. ಸ್ಟೇಷನ್ನಿನ ಪುಸ್ತಕದಲ್ಲಿ ಅವಳ ಹೆಸರು ಯಾಕೆ ಬರಬೇಕು? ನನ್ನ ಹೆಸರೇ ಬರಲಿ” ಎಂದರು. ತಂದೆಯ ಕರುಳು ಆಡಿದ ಮಾತು ಅದು; ಅದನ್ನು ಕೇಳಿ ನಾವು ಒಂದು ಗಳಿಗೆ ಸುಮ್ಮನಿದ್ದೆವು.

ಅವರ ಮನೆಯಾಕೆಯೂ ಜೊತೆಯಲ್ಲಿ ಬಂದಿದ್ದರು. “ಆ ಆಟೋದವನು ಸ್ಟೀರಿಂಗ್ ಮುಂದೆ ಇವಳನ್ನೇ ನೋಡಿದಾನಲ್ಲ. ನಾಳೆ ಅವನು ಕೋರ್ಟಿನಲ್ಲಿ ಒಂದು ಹೇಳಿ ನೀವು ಒಂದು ಹೇಳಿದರೆ, ಅವನ ಕಾಲಿಗೆ ಬರಬೇಕಾದ ದುಡ್ಡಿನ ಗತಿಯೇನು?” ಎಂದರು. ಕಾನೂನನ್ನು ಓದದ ಆ ತಾಯಿಯು ಇಡೀ ವ್ಯವಹಾರದ ಮರ್ಮಸ್ಥಾನಕ್ಕೇ ಬೆರಳಿಟ್ಟಿದ್ದರು. ಏಕೆಂದರೆ ಡಿಕ್ಕಿಯೊಂದರಿಂದ ಹುಟ್ಟುವ ಕಾಗದಗಳು ಮೂರು: ಪೊಲೀಸರ ಪ್ರಥಮ ವರ್ತಮಾನ ವರದಿ, ಕಂಪೆನಿಗೆ ಕೊಡುವ ಕ್ಲೇಮಿನ ನಮೂನೆ, ಗಾಯಾಳುವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕುವ ಅರ್ಜಿ. ಈ ಮೂರರಲ್ಲಿ ಓಡಿಸಿದವರು ಯಾರೆಂಬ ಒಂದು ಮಾತು ಹೊಂದದೆ ಹೋದರೆ ಸಂಶಯವು ಎಲ್ಲಕ್ಕೂ ವ್ಯಾಪಿಸುವುದು. ಇಂಥ ಸುಳ್ಳು ಹೊರಬಿದ್ದರೆ ಕಂಪೆನಿಯು ಮಾಲಿಕನಿಗೆ ಸ್ವಂತ ಹಾನಿಯ ಹಣವನ್ನು ನಿರಾಕರಿಸುವುದಕ್ಕೆ ಬೇರೆ ಕಾರಣವನ್ನೇ ಹುಡುಕಬೇಕಾಗಿಲ್ಲ.

ನಾವು ಅವರ ವಿಮಾಪತ್ರವನ್ನು ತರಿಸಿ, ಕನ್ನಡಕವನ್ನು ಒರಸಿಕೊಂಡು, ಅದರ ಸಣ್ಣ ಅಕ್ಷರಗಳನ್ನು ಓದಿದೆವು. ನಲವತ್ತು ವರ್ಷ ಹುಡುಗರ ಉತ್ತರಪತ್ರಗಳನ್ನು ಓದಿದ ಕಣ್ಣಿಗೆ ಅದೇನೂ ಕಷ್ಟವಾಗಲಿಲ್ಲ. ಚಾಲಕನನ್ನು ಕುರಿತ ಷರತ್ತಿನಲ್ಲಿ ಸ್ಪಷ್ಟವಾಗಿ ಬರೆದಿದ್ದಿತು: ಚಾಲ್ತಿಯಲ್ಲಿರುವ ಕಲಿಯುವವರ ಲೈಸೆನ್ಸು ಉಳ್ಳವರೂ, ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೩ನೆಯ ನಿಯಮವನ್ನು ಪಾಲಿಸಿದ್ದಲ್ಲಿ, ಕಾರನ್ನು ಓಡಿಸಬಹುದು. ಆ ನಿಯಮವು ಕೇಳುವುದಿಷ್ಟೇ: ಪೂರ್ಣ ಲೈಸೆನ್ಸುಳ್ಳ ಬೋಧಕನೊಬ್ಬನು ಕಾರನ್ನು ಹಿಡಿತಕ್ಕೆ ತರಬಲ್ಲಂತೆ ಅಥವಾ ನಿಲ್ಲಿಸಬಲ್ಲಂತೆ ಜೊತೆಯಲ್ಲಿ ಕುಳಿತಿರಬೇಕು, ಕಾರಿನ ಹಿಂದೆ ಮುಂದೆ ಹದಿನೆಂಟು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಬಿಳಿಯ ಚೌಕದಲ್ಲಿ ಕೆಂಪು ‘ಎಲ್’ ಅಕ್ಷರವಿರಬೇಕು. ತಂದೆಗೆ ಲೈಸೆನ್ಸು ಇದ್ದಿತು. ಕೈ ಬ್ರೇಕಿಗೆ ಕೈ ಎಟುಕುವ ಆಸನದಲ್ಲಿ ಅವರು ಕುಳಿತಿದ್ದರು. ಕೆಂಪಕ್ಷರದ ಹಾಳೆಗಳು ಡಿಕ್ಕಿಯ ಸ್ಥಳದಲ್ಲಿ ತೆಗೆದ ಚಿತ್ರದಲ್ಲಿಯೇ ಕಾಣುತ್ತಿದ್ದವು. ಅಂದರೆ ಇವರ ಪಾಲಿಗೆ ನಿಜವು ಹಣವನ್ನು ತರುವಂಥದು, ಮೇಸ್ತ್ರಿಯ ಸುಳ್ಳು ಕಳೆಯುವಂಥದು!

ಆ ಹುಡುಗಿಯು ಮರುದಿನ ಮುಂಜಾನೆ ಠಾಣೆಗೆ ಹೋಗಿ ತಾನೇ ಬರೆದುಕೊಟ್ಟಳು. ಮೊಕದ್ದಮೆಯಾಯಿತು, ಮ್ಯಾಜಿಸ್ಟ್ರೇಟರ ಮುಂದೆ ನಿಂತು ಆಕೆ ದಂಡವನ್ನೂ ತೆರಬೇಕಾಯಿತು. ನಿಜ ಹೇಳುವುದರಿಂದ ಯಾವ ತೊಂದರೆಯೂ ಬರುವುದಿಲ್ಲವೆಂದು ನಾವು ಹೇಳಲಾರೆವು.

ಇನ್ನು ಲೆಕ್ಕದ ವಿಷಯ. ಕಾರಿನ ಹಾನಿಯು ೫೦,೦೦೦ ರೂಪಾಯಿಗಳನ್ನು ಮುಟ್ಟಿದರೆ ಲೈಸೆನ್ಸುಳ್ಳ ಸರ್ವೆಯರೊಬ್ಬರು ಅದನ್ನು ಅಂದಾಜು ಮಾಡತಕ್ಕದ್ದು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ೨೦೨೪ನೆಯ ಇಸವಿ ಜೂನ್ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಕ್ಲೇಮಿನ ಸಮಾಚಾರ ಬಂದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸರ್ವೆಯರನ್ನು ನೇಮಿಸಬೇಕು. ಅವರು ಹದಿನೈದು ದಿನಗಳಲ್ಲಿ ವರದಿ ಕೊಡಬೇಕು. ವರದಿ ಬಂದ ಏಳು ದಿನಗಳಲ್ಲಿ ಕಂಪೆನಿಯು ತನ್ನ ತೀರ್ಮಾನವನ್ನು ತಿಳಿಸಬೇಕು. ಸರ್ವೆಯರು ನೋಡುವುದಕ್ಕೆ ಮುಂಚೆ ಮೇಸ್ತ್ರಿಯು ಕಾರನ್ನು ಬಿಚ್ಚದಂತೆ ನೋಡಿಕೊಳ್ಳಬೇಕು. ಬಿಚ್ಚಿದ ಮೇಲೆ ಒಳಗೆ ಬೇರೆ ಹಾನಿ ಕಂಡರೆ ಅವರನ್ನು ಮತ್ತೊಮ್ಮೆ ಕರೆಸಿ ತೋರಿಸಬೇಕು. ಸಾಧ್ಯವಾದರೆ ಆ ಹೊತ್ತಿಗೆ ಮನೆಯವರೊಬ್ಬರು ಗ್ಯಾರೇಜಿನಲ್ಲಿರುವುದು ಮೇಲು; ನಮ್ಮ ಹಾನಿಯನ್ನು ನಾವಲ್ಲದೆ ಇನ್ನಾರು ತೋರಿಸುವರು?

ನಮ್ಮ ಗೃಹಸ್ಥರ ಕಾರಿಗೆ ನಾಲ್ಕೂವರೆ ವರ್ಷ ವಯಸ್ಸು. ಗ್ಯಾರೇಜಿನ ಬಿಲ್ಲು, ತೆರಿಗೆಯನ್ನು ಬದಿಗಿಟ್ಟು ಚಿಲ್ಲರೆಯನ್ನು ಬಿಟ್ಟರೆ, ೫೨,೦೦೦ ರೂಪಾಯಿ ಆಯಿತು. ಅದರಲ್ಲಿ ಬಂಪರು ೮,೦೦೦. ಪ್ಲಾಸ್ಟಿಕ್ಕಿನ ಭಾಗಗಳಿಗೆ ಕಾರು ಎಷ್ಟೇ ಹೊಸದಾಗಿರಲಿ ಶೇಕಡ ೫೦ ಸವಕಳಿಯನ್ನು ಕಳೆಯುವರಾದ್ದರಿಂದ ೪,೦೦೦ ಮಾತ್ರ ಸಿಕ್ಕಿತು. ಬಾನೆಟ್ಟು ಮತ್ತು ಬಾಗಿಲು ೨೦,೦೦೦. ಲೋಹದ ಭಾಗಗಳಿಗೆ ನಾಲ್ಕರಿಂದ ಐದು ವರ್ಷದೊಳಗಿನ ಕಾರಿನಲ್ಲಿ ಸವಕಳಿ ಶೇಕಡ ೩೫, ಆದ್ದರಿಂದ ೧೩,೦೦೦. ಮುಂದಿನ ಗಾಜು ೬,೦೦೦; ಗಾಜಿಗೆ ಸವಕಳಿಯಿಲ್ಲ, ಪೂರಾ ಸಿಕ್ಕಿತು. ಕೂಲಿ ೧೦,೦೦೦, ಅದೂ ಪೂರಾ. ಬಣ್ಣದ ಬಿಲ್ಲು ೮,೦೦೦. ಅದರ ಕಾಲುಭಾಗವನ್ನು ಬಣ್ಣದ ಬೆಲೆಯೆಂದು ಹಿಡಿದು ಅದರಲ್ಲಿ ಅರ್ಧವನ್ನು ಕಳೆಯುವುದು ಪದ್ಧತಿಯಾದ್ದರಿಂದ ೭,೦೦೦. ಒಟ್ಟು ೪೦,೦೦೦. ಇದರಲ್ಲಿ ೧,೫೦೦ ಸಿ.ಸಿ.ವರೆಗಿನ ಕಾರಿನ ಮಾಲಿಕನು ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ತಾನೇ ಹೊರಬೇಕಾದ ೧,೦೦೦ವನ್ನು ಕಳೆದರೆ ಉಳಿದುದು ೩೯,೦೦೦. ಕೈಯಿಂದ ಕಟ್ಟಿದುದು ೧೩,೦೦೦. ಇದೇ ನಾವು ಮೊದಲು ಹೇಳಿದ ಯೋಗ ಮತ್ತು ಕ್ಷೇಮಗಳ ನಡುವಿನ ಅಂತರ! ಸವಕಳಿಯಿಲ್ಲದ ವಿಮೆಯೆಂದು ಹೆಚ್ಚು ಕಂತಿಗೆ ಕೊಡುವುದೂ ಉಂಟು. ಪ್ಲಾಸ್ಟಿಕ್ಕೇ ಹೆಚ್ಚಾಗಿರುವ ಈಗಿನ ಹೊಸ ಕಾರುಗಳಿಗೆ ಮೊದಲ ಕೆಲವು ವರ್ಷ ಅದು ತಕ್ಕುದೆಂದು ನಮ್ಮ ಅಭಿಪ್ರಾಯ.

ಸಣ್ಣ ಗೀರುಗಳಿಗೆಲ್ಲ ಕ್ಲೇಮು ಹಾಕುವವರಿಗೆ ಇನ್ನೊಂದು ಲೆಕ್ಕವಿದೆ. ಕ್ಲೇಮಿಲ್ಲದೆ ಕಳೆದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ಕ್ರಮವಾಗಿ ಶೇಕಡ ೨೦, ೨೫, ೩೫, ೪೫, ೫೦ ರಿಯಾಯಿತಿ ಸಿಕ್ಕುತ್ತದೆ. ಒಂದು ಕ್ಲೇಮಿನಿಂದ ಅದು ಸೊನ್ನೆಗೆ ಇಳಿಯುತ್ತದೆ. ಶೇಕಡ ೫೦ರಲ್ಲಿದ್ದವನು ಮರುವರ್ಷ ೫೦, ಅದರ ಮುಂದಿನ ವರ್ಷಗಳಲ್ಲಿ ೩೦, ೨೫, ೧೫, ೫ರಂತೆ ಕಳೆದುಕೊಂಡು ಐದು ವರ್ಷಗಳಲ್ಲಿ ಒಟ್ಟು ಶೇಕಡ ೧೨೫ರಷ್ಟು ನಷ್ಟ ಹೊಂದುವನು. ರಿಯಾಯಿತಿಗೆ ಮುಂಚಿನ ಕಂತು ೮,೦೦೦ ರೂಪಾಯಿಯೆಂದು ಹಿಡಿದರೆ ಇದು ೧೦,೦೦೦ ರೂಪಾಯಿ. ಕಾರು ಹಳೆಯದಾದಂತೆ ಕಂತು ಕುಗ್ಗುವುದರಿಂದ ನಷ್ಟವು ಕೊಂಚ ಕಡಿಮೆಯಾದೀತು. ಆದರೂ ಮೂರು ಸಾವಿರದ ಗೀರಿಗೆ ಕ್ಲೇಮು ಹಾಕುವುದು ಇಲಿಯನ್ನು ಓಡಿಸಲು ಕಣಜಕ್ಕೆ ಕಿಚ್ಚಿಟ್ಟಂತೆ. ಮನೆಯ ಲೆಕ್ಕಪುಸ್ತಕವನ್ನು ನೋಡಿಕೊಳ್ಳುವ ಗೃಹಿಣಿಯರು ಈ ಗುಣಾಕಾರವನ್ನು ಯಜಮಾನರಿಗೆ ಮಾಡಿ ತೋರಿಸುವುದು ಒಳ್ಳೆಯದು.

ನಮ್ಮ ಗೃಹಸ್ಥರಿಗೆ ಆ ೩೯,೦೦೦ ಸುಲಭವಾಗಿ ಬರಲಿಲ್ಲ. ಕಲಿಯುವವರ ಲೈಸೆನ್ಸು ಸಾಲದೆಂದು ಕಂಪೆನಿಯವರು ಎರಡು ಸಾಲಿನ ನಿರಾಕರಣ ಪತ್ರವನ್ನು ಕಳುಹಿಸಿದರು. ತಮ್ಮದೇ ವಿಮಾಪತ್ರವನ್ನು ಅವರೂ ಓದಿರಲಿಲ್ಲವೆಂದು ಕಾಣುತ್ತದೆ! ಮೇಸ್ತ್ರಿಯು “ನಾನು ಹೇಳಿರಲಿಲ್ಲವೇ?” ಎಂದನು. ಆದರೆ ಇವರು ಕಂಪೆನಿಯ ಅಹವಾಲು ಅಧಿಕಾರಿಗೆ, ಚಾಲಕನ ಷರತ್ತನ್ನೂ ೩ನೆಯ ನಿಯಮವನ್ನೂ ಹೆಸರಿಸಿ, ತಂದೆ ಮಗಳಿಬ್ಬರ ಲೈಸೆನ್ಸುಗಳನ್ನೂ ಕೆಂಪಕ್ಷರದ ಚಿತ್ರವನ್ನೂ ಲಗತ್ತಿಸಿ ಒಂದು ಪತ್ರ ಬರೆದರು. ಮೂರನೆಯ ವಾರದಲ್ಲಿ ಹಣ ಸಂದಾಯವಾಯಿತು.

ಹಾಗೆ ಆಗದಿದ್ದರೆ ಮಾರ್ಗವಿಲ್ಲದೆ ಇಲ್ಲ. ಅಹವಾಲು ಕೊಟ್ಟ ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೂ ಬಂದ ಉತ್ತರ ಒಪ್ಪಿಗೆಯಾಗದಿದ್ದರೂ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ, ೫೦ ಲಕ್ಷ ರೂಪಾಯಿಗಳವರೆಗಿನ ವಿವಾದಗಳನ್ನು ಅವರು ವಿಚಾರಿಸಬಲ್ಲರು, ಅವರ ತೀರ್ಪು ಕಂಪೆನಿಯನ್ನು ಕಟ್ಟುತ್ತದೆ. ಅದು ಬೇಡವೆಂದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಅಲ್ಲಿಗೆ ಎರಡು ವರ್ಷದ ಅವಧಿ. ನಿರಾಕರಣೆಯನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಕಾರಣಸಹಿತವಾಗಿ ಬರಹದಲ್ಲಿ ಪಡೆಯುವುದು ಇವೆಲ್ಲಕ್ಕೂ ಬುನಾದಿ.

ಆಟೋದ ಚಾಲಕನ ಹಾದಿಯು ಇವುಗಳಿಗಿಂತ ಬೇರೆ. ಅವನು ಹೋಗಬೇಕಾದುದು ನ್ಯಾಯಮಂಡಳಿಗೆ. ೨೦೧೯ರ ತಿದ್ದುಪಡಿಯು ೨೦೨೨ನೆಯ ಇಸವಿ ಏಪ್ರಿಲ್ ೧ರಿಂದ ಜಾರಿಗೆ ಬಂದು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ವಿಧಿಸಿರುವುದರಿಂದ ಗಾಯಾಳುಗಳು ತಡಮಾಡಬಾರದು. ಅರ್ಜಿಯನ್ನು ಅಪಘಾತವಾದ ಸ್ಥಳದಲ್ಲಿಯೇ ಹಾಕಬೇಕೆಂದೇನೂ ಇಲ್ಲ. ತಾನು ವಾಸವಾಗಿರುವ ಸ್ಥಳದ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. ಆಸ್ಪತ್ರೆಯ ಚೀಟಿ, ಔಷಧಿಯ ರಸೀತಿ, ದುಡಿಮೆ ನಿಂತ ದಿನಗಳ ಲೆಕ್ಕ ಇವುಗಳನ್ನು ಜೋಪಾನವಾಗಿಡಬೇಕು. ಈ ಚಾಲಕನು ತನ್ನ ಊರಾದ ನರಸೀಪುರದಿಂದ ನಾಲ್ಕನೆಯ ತಿಂಗಳಿನಲ್ಲಿ ಅರ್ಜಿ ಹಾಕಿದ್ದಾನೆ. ಕಾರನ್ನು ಓಡಿಸುತ್ತಿದ್ದವಳು ಹುಡುಗಿಯೆಂದು ಅವನ ಅರ್ಜಿಯೂ ಪೊಲೀಸರ ಕಾಗದವೂ ಕ್ಲೇಮಿನ ನಮೂನೆಯೂ ಒಂದೇ ಬಗೆಯಾಗಿ ಹೇಳುತ್ತಿರುವುದರಿಂದ, ಕಂಪೆನಿಯ ವಕೀಲರು ಆ ವಿಷಯವನ್ನು ಎತ್ತದೆ, ಮಂಡಿಯ ಊನವು ಶೇಕಡ ಎಷ್ಟೆಂಬುದನ್ನು ಮಾತ್ರ ವೈದ್ಯರಿಂದ ಕೇಳಿಸುತ್ತಿದ್ದಾರೆ. ಮುಂದಿನ ವಾಯಿದೆಗೆ ಹುಡುಗಿಯೂ ಸಾಕ್ಷಿ ಹೇಳಲು ಹೋಗಬೇಕಾಗಿದೆ.